ಕ್ರೋಶಾದ ಮೊದಲ ಹೆಣಿಗೆ

ಆರಿದ್ರಾ ಮಳೆ ಹಿಡಿದು ತೀರ್ಥಹಳ್ಳಿಯ ಕಡೆ ತೋಟದ ಕೆಲಸಕ್ಕೆ ತುಸು ಬಿಡುವು ಸಿಕ್ಕಿರುವ ಈ ದಿನಗಳಲ್ಲಿ, ಚಿಕ್ಕಮ್ಮನ ಪಕ್ಕ ಜಗಲಿಯಲ್ಲಿ ಕುಳಿತು ಕ್ರೋಶಾ, ಅಂದರೆ ತುದಿಯಲ್ಲಿ ಕೊಕ್ಕೆಯಿರುವ ಒಂದೇ ಕಡ್ಡಿಯಿಂದ ನೂಲು ಹೆಣೆಯುವುದನ್ನು, ಕಲಿಯುತ್ತಿದ್ದೇನೆ. ಶಿವಮೊಗ್ಗದ ಗಾಂಧಿ ಬಜಾರಿನಿಂದ ತಂದ ತಿಳಿ ಹಳದಿ ಉಲ್ಲನ್ ಮತ್ತು 4 ಮಿ.ಮೀ. ಕಡ್ಡಿ ಇದಕ್ಕೆ ಸಾಕು. ಕಪ್ಪು ನೂಲಿನಲ್ಲಿ ಹೆಣಿಗೆಯ ಕಣ್ಣುಗಳು (ಕುಣಿಕೆಗಳು) ಸರಿಯಾಗಿ ಕಾಣಿಸುವುದಿಲ್ಲವಾದ್ದರಿಂದ ಹೊಸಬರು ತಿಳಿ ಬಣ್ಣವನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಒಂದರೊಳಗಿಂದ ಒಂದು ಕುಣಿಕೆ ಎಳೆಯುತ್ತ ಸರಪಳಿ ಹಾಕಿದ ಮೇಲೆ ಬರುವ ಸಿಂಗಲ್ ಕ್ರೋಶಾ ನನಗೆ ಬಹಳ ಹಿಡಿಸಿದೆ. ಕಡ್ಡಿಯಿಂದ ಎರಡನೆಯ ಕಣ್ಣಿನೊಳಗೆ ಕೊಕ್ಕೆ ತೂರಿಸಿ, ನೂಲು ಸುತ್ತಿ ಈಚೆಗೆ ಎಳೆದರೆ ಕಡ್ಡಿಯ ಮೇಲೆ ಎರಡು ಕುಣಿಕೆಗಳು ನಿಲ್ಲುತ್ತವೆ. ಮತ್ತೊಮ್ಮೆ ನೂಲು ಸುತ್ತಿ ಎರಡರೊಳಗಿಂದಲೂ ಒಟ್ಟಿಗೆ ಎಳೆದಾಗ ಒಂದೇ ಕುಣಿಕೆ ಉಳಿದು ಹೆಣಿಗೆ ಪೂರ್ಣವಾಗುತ್ತದೆ. "ಅಷ್ಟು ಬಿಗಿ ಮಾಡಬೇಡ ಮಾರಾಯ್ತಿ, ಮುಂದಿನ ಸಾಲಿಗೆ ಕಡ್ಡಿ ಹೋಗಬೇಕಲ್ಲ" ಎನ್ನುತ್ತಾರೆ ಚಿಕ್ಕಮ್ಮ. ಸಾಲು ಮುಗಿದಾಗ ಒಂದು ಸರಪಳಿ ಹಾಕಿ ತಿರುಗಿಸಬೇಕು, ಕಣ್ಣುಗಳನ್ನು ಎಣಿಸಬೇಕು. ಕೊನೆಯ ಕಣ್ಣು ಬಿಟ್ಟುಹೋದರೆ ಅಂಚು ಒಳಕ್ಕೆ ಸರಿಯುತ್ತದೆ.

ಎರಡು ಕಡ್ಡಿಗಳ ಸ್ವೆಟರ್ ಹೆಣಿಗೆಯಲ್ಲಿ ಸಾಲಿನ ಕುಣಿಕೆಗಳೆಲ್ಲ ಕಡ್ಡಿಯ ಮೇಲೆಯೇ ಇರುತ್ತವೆ. ಇಲ್ಲಿ ಕಾಯಬೇಕಾದದ್ದು ಒಂದೇ ಕುಣಿಕೆಯನ್ನು. ಆದ್ದರಿಂದ ಮನೆಗೆಲಸದ ನಡುವೆ ಯಾವಾಗ ಬೇಕಾದರೂ ಕೆಳಗಿಟ್ಟು ಏಳಬಹುದು. 1840ರ ದಶಕದ ಮಹಾಕ್ಷಾಮದ ಕಾಲದಲ್ಲಿ ಐರ್ಲೆಂಡಿನ ಹೆಂಗಸರು ಕ್ರೋಶಾ ಲೇಸ್ ಮಾರಿ ಸಂಸಾರ ನಡೆಸಿದ್ದು ನೆನಪಾದಾಗ, ಇದನ್ನು ಹೊತ್ತು ಕಳೆಯುವ ಕೆಲಸವೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ನಾನೀಗ ಹೆಣೆಯುತ್ತಿರುವ ಚೌಕ ಮುಗಿದ ಮೇಲೆ ಡಬಲ್ ಕ್ರೋಶಾ ಹೇಳಿಕೊಡಲು ಚಿಕ್ಕಮ್ಮ ಒಪ್ಪಿದ್ದಾರೆ.