ನಡುಗುವ ಪ್ಲೇಸ್ಟೇಷನ್, ಮಸುಕಾದ ನಿಂಟೆಂಡೊ 64

ಗೇಮ್ ಕನ್ಸೋಲ್‌ಗಳಲ್ಲಿ ಮೊದಲ ಪ್ಲೇಸ್ಟೇಷನ್ (1994) ಪ್ರೊಸೆಸರಿನ ವೇಗ ಸುಮಾರು 33.9 ಮೆಗಾಹರ್ಟ್ಸ್, ನಿಂಟೆಂಡೊ 64ರದ್ದು (1996) 93.75. ಆದರೂ ಬರೀ ಈ ಅಂಕಿ ನೋಡಿ ಚಿತ್ರದ ಗುಣಮಟ್ಟ ಅಳೆಯಲಾಗದು.

ಪ್ಲೇಸ್ಟೇಷನ್‌ನಲ್ಲಿ ನೆಲ, ಗೋಡೆಗಳು ಸೊಟ್ಟಗಾಗಿ ಅಲುಗಾಡುವುದಕ್ಕೆ ಎರಡು ಕಾರಣ. 3ಡಿ ದೃಶ್ಯವನ್ನು ಕಟ್ಟುವ ಚಪ್ಪಟೆ ತುಂಡುಗಳಾದ ಬಹುಭುಜಗಳ ಮೂಲೆಗಳು ಪೂರ್ಣ ಪಿಕ್ಸೆಲ್‌ಗೇ ಹೊಂದಿಕೊಳ್ಳುತ್ತವೆ, ಹಾಗಾಗಿ ನಡುಕ. ಅವುಗಳ ಮೇಲೆ ಟೆಕ್ಸ್ಚರ್ (ಮೇಲ್ಮೈಯ ಚಿತ್ರ) ಹೊದಿಸುವಾಗ ದೂರದ ಲೆಕ್ಕವೇ ಇಲ್ಲ, ಹಾಗಾಗಿ ಸೊಟ್ಟ. ಹತ್ತಿರದ ದೊಡ್ಡ ಬಹುಭುಜಗಳನ್ನು ಚಿಕ್ಕದಾಗಿ ಒಡೆದರೆ ಸೊಟ್ಟತನ ತಗ್ಗುತ್ತದೆ, ಆದರೆ ಬಿಡಿಸಬೇಕಾದ ತುಂಡುಗಳು ಹೆಚ್ಚುತ್ತವೆ. ಪ್ರತಿ ಪಿಕ್ಸೆಲ್‌ನ ದೂರ ನೆನಪಿಡುವ ಝಡ್-ಬಫರ್ ಕೂಡ ಇಲ್ಲದ್ದರಿಂದ ಯಾವುದು ಹಿಂದೆ, ಯಾವುದು ಮುಂದೆ ಎಂದು ಆಟವೇ ವಿಂಗಡಿಸಬೇಕು. ಅದು ತಪ್ಪಿದಲ್ಲಿ ಹಿಂದಿನ ಮೇಲ್ಮೈ ಮುಂದಕ್ಕೆ ಇಣುಕುತ್ತದೆ.

ನಿಂಟೆಂಡೊ 64 ಇವೆಲ್ಲವನ್ನೂ ಹಾರ್ಡ್‌ವೇರಿನಲ್ಲೇ ಸರಿಪಡಿಸಿತು. ಅದನ್ನು ಕಟ್ಟಿಹಾಕಿದ್ದು ಬರೀ 4 ಕಿಲೋಬೈಟ್ ಟೆಕ್ಸ್ಚರ್ ಮೆಮೊರಿ! 16 ಬಿಟ್ ಬಣ್ಣದಲ್ಲಿ ಅಲ್ಲಿ ಹಿಡಿಯುವುದು 32×64 ಪಿಕ್ಸೆಲ್‌ನ ಒಂದು ಚಿತ್ರದ ತುಂಡು. ಅದನ್ನೇ ಹಿಗ್ಗಿಸಿ, ಫಿಲ್ಟರಿನಿಂದ ನಯಗೊಳಿಸಿದರೆ ಮಸುಕಾಗದೆ ಇನ್ನೇನು? ಕಾರ್ಟ್ರಿಡ್ಜ್‌ನ ಗರಿಷ್ಠ 64 ಮೆಗಾಬೈಟ್ ಕೂಡ ಪ್ಲೇಸ್ಟೇಷನ್ ಬಳಸಿದ ಸಿಡಿಯ ಸುಮಾರು 650ರ ಮುಂದೆ ತೀರಾ ಕಡಿಮೆ. ಎಕ್ಸ್‌ಪ್ಯಾನ್ಶನ್ ಪ್ಯಾಕ್ ಎಂಬ ಹೆಚ್ಚುವರಿ ಮೆಮೊರಿ ಹಾಕಿದರೆ ಮುಖ್ಯ ಮೆಮೊರಿ 4ರಿಂದ 8 ಮೆಗಾಬೈಟ್ ಆಗುತ್ತದೆ, ಈ 4 ಕಿಲೋಬೈಟ್ ಮಾತ್ರ ಹಾಗೇ ಉಳಿಯುತ್ತದೆ.

ನನ್ನ ಮಟ್ಟಿಗೆ ಮಸುಕಿಗಿಂತ ಆ ನಡುಕವೇ ಮೇಲು. ಎಮ್ಯುಲೇಟರಿನಲ್ಲಿ (ಹಳೆಯ ಕನ್ಸೋಲ್ ಆಟಗಳನ್ನು ಕಂಪ್ಯೂಟರಿನಲ್ಲಿ ಓಡಿಸುವ ತಂತ್ರಾಂಶ) ಅದೂ ಬೇಡವೆಂದರೆ, ಪ್ಲೇಸ್ಟೇಷನ್ ಎಮ್ಯುಲೇಟರ್ ಡಕ್‌ಸ್ಟೇಷನ್‌ನಲ್ಲಿ ನಡುಕ, ಸೊಟ್ಟತನ ತಗ್ಗಿಸುವ ಪಿಜಿಎಕ್ಸ್‌ಪಿ ಆಯ್ಕೆ ಆನ್ ಮಾಡಿ.