ನಾಯಿ ಕಚ್ಚಿದ ಮೇಲೆ ಲಸಿಕೆ ಹಾಕಿಸಿ ಏನು ಪ್ರಯೋಜನ?

ನಾನು ಜೀವಶಾಸ್ತ್ರ ಪಾಠ ಮಾಡುವವಳು ಅಂತ ಗೊತ್ತಾದರೆ ಸಾಕು, ಯಾರಾದರೊಬ್ಬರು ಇದನ್ನು ಕೇಳುತ್ತಾರೆ. ಪೋಲಿಯೊ, ದಡಾರಕ್ಕೆಲ್ಲ ಮೊದಲೇ ಲಸಿಕೆ ಹಾಕಿಸುತ್ತೇವೆ, ರೇಬಿಸ್‌ಗೆ ಮಾತ್ರ ಕಚ್ಚಿಸಿಕೊಂಡ ಮೇಲೆ ಓಡುತ್ತೇವೆ, ಅಷ್ಟೊತ್ತಿಗೆ ವೈರಸ್ ಮೈಯೊಳಗೆ ಹೋಗಿರಲ್ವಾ?

ಹೋಗಿರುತ್ತದೆ. ಆದರೆ ಅದರ ದಾರಿ ಉದ್ದ. ಜೊಲ್ಲಿನ ಜೊತೆ ಗಾಯಕ್ಕೆ ಇಳಿದ ಈ ವೈರಸ್ ರಕ್ತದಲ್ಲಿ ಹರಿಯುವುದಿಲ್ಲ, ನರ ಹಿಡಿದು ಮಿದುಳಿನ ಕಡೆ ಹೋಗುತ್ತದೆ. ರೋಗ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 2–3 ತಿಂಗಳು ಬೇಕು, ಕೆಲವರಿಗೆ ವಾರ ಸಾಕು, ಕೆಲವರಿಗೆ ವರ್ಷವೂ ಆಗಬಹುದು. ತೊಂದರೆ ಏನೆಂದರೆ, ನರದೊಳಗೆ ಸೇರಿದ ವೈರಸ್ ನಮ್ಮ ರೋಗನಿರೋಧಕ ಕಣಗಳ ಕಣ್ಣಿಗೆ ಬೀಳುವುದೇ ಅಪರೂಪ. ದೇಹಕ್ಕೆ ಗೊತ್ತಾಗುವಷ್ಟರಲ್ಲಿ ಅದು ಮಿದುಳು ಸೇರಿರುತ್ತದೆ. ಆಮೇಲೆ ಬದುಕುವವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಲಸಿಕೆಯಲ್ಲಿ ಇರುವುದು ಸತ್ತ ವೈರಸ್. ತೋಳಿಗೆ ಚುಚ್ಚಿದಾಗ ದೇಹ ಅದನ್ನು ತಕ್ಷಣ ಗುರುತು ಹಿಡಿದು ಪ್ರತಿಕಾಯಗಳನ್ನು, ಅಂದರೆ ವೈರಸ್ಸಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರೋಟೀನುಗಳನ್ನು, ಮಾಡಲು ಶುರು ಮಾಡುತ್ತದೆ. 1885ರಲ್ಲಿ ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್, ನಾಯಿ ಕಚ್ಚಿದ್ದ 9 ವರ್ಷದ ಜೋಸೆಫ್ ಮೈಸ್ಟರ್ ಅನ್ನುವ ಹುಡುಗನಿಗೆ ಲಸಿಕೆ ಕೊಡಿಸಿದಾಗಲೂ ನಂಬಿದ್ದು ವೈರಸ್ ಮಿದುಳು ಸೇರುವ ಮೊದಲು ಸಿಗುವ ಈ ಸಮಯವನ್ನೇ.

ಆದರೂ ಸಾಕಷ್ಟು ಪ್ರತಿಕಾಯ ತಯಾರಾಗಲು ಒಂದೆರಡು ವಾರ ಬೇಕು. ಮುಖಕ್ಕೋ ಕುತ್ತಿಗೆಗೋ ಕಚ್ಚಿದ್ದರೆ ಮಿದುಳು ಹತ್ತಿರ, ಅಷ್ಟು ದಿನ ಕಾಯುವ ಹಾಗಿಲ್ಲ. ಮಕ್ಕಳಿಗೆ ಅಪಾಯ ಜಾಸ್ತಿ ಇರುವುದೂ ಇದಕ್ಕೇ, ಅವರು ಗಿಡ್ಡ, ನಾಯಿಯ ಬಾಯಿಗೆ ಸಿಗುವುದು ಮುಖವೇ. ಅದಕ್ಕೇ ರಕ್ತ ಬಂದ ಗಾಯಕ್ಕೆ ಲಸಿಕೆಯ ಜೊತೆ ಇಮ್ಯುನೋಗ್ಲೋಬ್ಯುಲಿನ್ ಕೂಡ ಬೇಕು. ಅದು ಸಿದ್ಧ ಪ್ರತಿಕಾಯ, ಗಾಯದ ಒಳಗೂ ಸುತ್ತಲೂ ಚುಚ್ಚುತ್ತಾರೆ, ವೈರಸ್ ನರ ಸೇರುವ ಮೊದಲೇ ಅಲ್ಲೇ ಕಟ್ಟಿಹಾಕಲು. ನೋವಾಗುತ್ತದೆ ನಿಜ. ದಯವಿಟ್ಟು ಬೇಡ ಅನ್ನಬೇಡಿ.

ಇದೆಲ್ಲಕ್ಕಿಂತ ಮೊದಲು ಸೋಪು. ಈ ವೈರಸ್ಸಿನ ಹೊರಪದರ ಕೊಬ್ಬಿನದು, ಸೋಪು ಅದನ್ನು ಒಡೆದುಹಾಕುತ್ತದೆ. ನಲ್ಲಿ ನೀರು ಬಿಟ್ಟುಕೊಂಡು ಪೂರ್ತಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರದಪುಡಿ, ಅರಿಶಿನ ಹಚ್ಚಿಕೊಂಡು ಬರುವವರು ಈಗಲೂ ಇದ್ದಾರೆ. ಅದರಿಂದ ವೈರಸ್ ಸಾಯುವುದಿಲ್ಲ, ಗಾಯ ಇನ್ನೂ ಕೆರಳುತ್ತದೆ.

ಹೊಕ್ಕುಳ ಸುತ್ತ 14 ಇಂಜೆಕ್ಷನ್ ಅಂತ ಹೆದರುವವರಿಗೆ ಒಂದು ಮಾತು. ಅದು ಕುರಿಯ ಮಿದುಳಿನಿಂದ ಮಾಡುತ್ತಿದ್ದ ಹಳೆ ಲಸಿಕೆ, ಈಗ ಇಲ್ಲ. ಈಗ ತೋಳಿಗೆ ಕೊಡುತ್ತಾರೆ. ಸ್ನಾಯುವಿಗೆ ಕೊಡುವುದಾದರೆ ಸಾಮಾನ್ಯವಾಗಿ 0, 3, 7, 14, 28ನೇ ದಿನ, 0 ಅಂದರೆ ಮೊದಲ ಡೋಸ್ ಹಾಕಿಸಿದ ದಿನ. ಗಾಯ ಮಾಯಿತು ಅಂತ ಸುಮ್ನೆ ಮಧ್ಯದಲ್ಲೇ ನಿಲ್ಲಿಸಬೇಡಿ.

ಹಿಂದೆ ಪೂರ್ತಿ ಕೋರ್ಸ್ ಮುಗಿಸಿದವರಿಗೆ ಮತ್ತೆ ಕಚ್ಚಿದರೆ 0 ಮತ್ತು 3ನೇ ದಿನದ ಎರಡು ಡೋಸ್ ಸಾಕಾಗುತ್ತದೆ, ಇಮ್ಯುನೋಗ್ಲೋಬ್ಯುಲಿನ್ ಬೇಕಿಲ್ಲ. ಆ ವೈರಸ್ಸಿನ ನೆನಪು ಇಟ್ಟುಕೊಂಡ ಕಣಗಳು ದೇಹದಲ್ಲಿ ಉಳಿದಿರುತ್ತವೆ, ಕೆಲವೇ ದಿನದಲ್ಲಿ ಪ್ರತಿಕಾಯ ಏರುತ್ತದೆ. ಆಸ್ಪತ್ರೆಗೆ ಹೋಗುವಾಗ ಹಳೆಯ ಲಸಿಕೆ ಚೀಟಿ ಇದ್ದರೆ ತೆಗೆದುಕೊಂಡು ಹೋಗಿ, ಡಾಕ್ಟರು ಅದನ್ನು ನೋಡಿಯೇ ಎಷ್ಟು ಡೋಸ್ ಅಂತ ಹೇಳುತ್ತಾರೆ.