ಸಿಲೋನ್ ಚುನಾವಣೆಯಲ್ಲಿ ನಾನು ನಾಲ್ವರನ್ನು ಗೆಲ್ಲಿಸಿದ್ದು

2024ರ ಸೆಪ್ಟೆಂಬರ್, ಶ್ರೀಲಂಕಾ ಚುನಾವಣೆಯ ಸಮಯ. ಆ ರಾತ್ರಿ ನಮ್ಮ ಪತ್ರಿಕೆಯ ವಿಶೇಷ ಪುಟ ನನ್ನ ತಲೆಗೆ ಬಂದಿತ್ತು. ನಿವೃತ್ತ ಮೇಷ್ಟ್ರೊಬ್ಬರು ಆ ದೇಶ ಸಿಲೋನ್ ಆಗಿದ್ದ ಕಾಲದ ಶಾಸನಸಭೆಯ ಕಥೆ ಬರೆದುಕೊಟ್ಟಿದ್ದರು. 1833ರಲ್ಲೇ ಬ್ರಿಟಿಷರು ಪರಿಷತ್ತು ಮಾಡಿದರು, ಆದರೆ ಗೆದ್ದು ಬಂದವರು ಒಬ್ಬರೂ ಇಲ್ಲ, ಎಲ್ಲ ನಾಮಕರಣ. 1911ರಲ್ಲಿ ಇಡೀ ದ್ವೀಪದ ‘ವಿದ್ಯಾವಂತ ಸಿಲೋನಿಗರಿಗೆ’ ಸೇರಿ ಒಂದು ಸೀಟು. ಪೊನ್ನಂಬಲಂ ರಾಮನಾಥನ್ ಗೆದ್ದರು. ಮುಂದೆ 20 ವರ್ಷಕ್ಕೆ, ಸುಧಾರಣೆ ಸೂಚಿಸಲು ಬ್ರಿಟನ್ ಕಳಿಸಿದ್ದ ಡೊನೊಮೋರ್ ಆಯೋಗದ ದೆಸೆಯಿಂದ 21 ತುಂಬಿದ ಗಂಡಸು, ಹೆಂಗಸು ಇಬ್ಬರಿಗೂ ಮತ. ತೋಟದ ತಮಿಳು ಕಾರ್ಮಿಕರಿಗೆ ಮಾತ್ರ ಷರತ್ತುಗಳ ಕಾಟ. ಬ್ರಿಟನ್ನಿನ ಹೆಂಗಸರಿಗೇ ಸಮಾನ ಮತ ಸಿಕ್ಕಿದ್ದು 1928ರಲ್ಲಿ! ನಮಗೆ 1951–52ರ ತನಕ ಕಾಯಬೇಕಾಯಿತು.

10.50ಕ್ಕೆ ಜಾಹೀರಾತು ವಿಭಾಗದವರು ಎಂಟು ಸೆಂಟಿಮೀಟರ್ ಕಿತ್ತುಕೊಂಡರು. ಪುಟ 11.30ಕ್ಕೆ ಬಿಡಬೇಕು. ನಾನು ಯೋಚಿಸಲೇ ಇಲ್ಲ, ಕೊನೇ ಪ್ಯಾರಾ ಹಾರಿಸಿದೆ. ಕೊನೇದು ಯಾವಾಗಲೂ ಉಪದೇಶ, ಹೋದರೆ ಹೋಗಲಿ ಅಂತ.

11.20ಕ್ಕೆ ಟ್ರೈನಿ ಹುಡುಗಿ ಪ್ರೂಫ್ ಹಿಡಿದು ಬಂದಳು. “ಸರ್, ಕಾಪಿಯಲ್ಲಿ 1931ರ ಹೊಸ ಶಾಸನಸಭೆ, ಸ್ಟೇಟ್ ಕೌನ್ಸಿಲ್‌ಗೆ 61 ಜನ ಅಂತಿದೆ. 50 ಚುನಾಯಿತ, 8 ನಾಮಕರಣ, 3 ಅಧಿಕಾರಿಗಳು. ಗ್ರಾಫಿಕ್ಸ್‌ನಲ್ಲಿ ‘ಗೆದ್ದವರು 46’ ಅಂತಿದೆ. ಲೇಖಕರಿಗೆ ಫೋನ್ ಮಾಡ್ಲಾ?”

“ಈ ಹೊತ್ತಲ್ಲಾ? ಟೈಪಿಂಗ್ ತಪ್ಪು ಅದು. 50 ಮಾಡು.”

ಅವಳು ಕದಲಲಿಲ್ಲ. “ಕ್ಷೇತ್ರಗಳ ಪಟ್ಟಿಯಲ್ಲೂ ನಾಲ್ಕು ಕಡೆ ಡ್ಯಾಶ್ ಇದೆ ಸರ್.”

ಆ ಡ್ಯಾಶ್ ನನಗೂ ಕಂಡಿತ್ತು. ಕನ್ವರ್ಟರ್ ಅಕ್ಷರ ನುಂಗಿದೆ ಅಂದುಕೊಂಡೆ. ‘ನುಡಿ’ ತಂತ್ರಾಂಶದ ಅಕ್ಷರದಿಂದ ಯೂನಿಕೋಡಿಗೆ ಹೋಗುವಾಗ ಅದು ಅರ್ಕಾವೊತ್ತು ನುಂಗುತ್ತೆ, ಹೆಸರು ನುಂಗೋದು ಯಾವ ಲೆಕ್ಕ? ಹೊಸ ಸಾಫ್ಟ್‌ವೇರ್ ಕೇಳಿ ಎರಡು ವರ್ಷ ಆಯಿತು, ಬಜೆಟ್ ಇಲ್ಲವಂತೆ. ಅದನ್ನು ಬೈಯುತ್ತಲೇ ಮೌಸ್ ಕಿತ್ತುಕೊಂಡು ನಾನೇ 50 ಹೊಡೆದು, ಪಟ್ಟಿಯನ್ನೇ ತೆಗೆದು, ಪುಟ ಬಿಟ್ಟೆ. 11.29. ಒಂದು ನಿಮಿಷ ಮುಂಚೆ. ಖುಷಿಯಿಂದ ಟೀ ಕುಡಿದೆ ಬೇರೆ.

ಬೆಳಿಗ್ಗೆ ಏಳಕ್ಕೆ ಮೇಷ್ಟ್ರ ಫೋನು. “ಏನ್ ಸ್ವಾಮಿ, ಜಾಫ್ನಾದವರ ಬಹಿಷ್ಕಾರ ನೀವೇ ಮುರಿದುಬಿಟ್ರಲ್ಲ! ನಾಲ್ಕು ಜನ ಯಾರು ಗೆದ್ದಿದ್ದು? ಹೆಸರಾದ್ರೂ ಹೇಳಿ.”

ಹಾರಿಸಿದ ಪ್ಯಾರಾ ಆಮೇಲೆ ಓದಿದೆ. ಜಾಫ್ನಾ ಅಂದರೆ ದ್ವೀಪದ ಉತ್ತರದ ತಮಿಳರ ಊರು. ಅಲ್ಲಿನ ಜಾಫ್ನಾ ಯೂತ್ ಕಾಂಗ್ರೆಸ್‌ನ ಹುಡುಗರಿಗೆ ಡೊನೊಮೋರ್ ಕೊಟ್ಟಿದ್ದು ಸಾಲಲಿಲ್ಲ, ಪೂರ್ತಿ ಸ್ವರಾಜ್ಯ ಬೇಕಿತ್ತು. 1927ರಲ್ಲಿ ಗಾಂಧೀಜಿಯನ್ನು ಊರಿಗೆ ಕರೆಸಿದ್ದವರು ಅವರೇ. ಅವರ ಬಹಿಷ್ಕಾರದ ಕರೆಗೆ ಜಾಫ್ನಾ, ಕೇಟ್ಸ್, ಕಾಂಕೇಸಂತುರೈ, ಪಾಯಿಂಟ್ ಪೆಡ್ರೊ, ನಾಲ್ಕೂ ಕಡೆ ಸೀಟು ಖಾಲಿ ಬಿತ್ತು. 1934ರ ತನಕ ಹಾಗೇ ಇತ್ತು. ಮೇಷ್ಟ್ರು ಇಡೀ ಲೇಖನ ಬರೆದಿದ್ದೇ ಆ ನಾಲ್ಕು ಡ್ಯಾಶ್‌ಗೋಸ್ಕರ.

ಟ್ರೈನಿಗೆ ಸಾರಿ ಹೇಳೋದಕ್ಕೆ ನನಗೆ ಮಧ್ಯಾಹ್ನ ಮೂರಾಯಿತು. “ಪರವಾಗಿಲ್ಲ ಸರ್” ಅಂದಳು. ಬೈದಿದ್ದರೆ ವಾಸಿಯಿತ್ತು.

ಮರುದಿನ ಏಳನೇ ಪುಟದ ಮೂಲೆಯಲ್ಲಿ ನಾಲ್ಕು ಸಾಲು ತಿದ್ದುಪಡಿ ಹಾಕಿದೆವು. ಅದರಲ್ಲಿ ‘ಜಾಫ್ನಾ’ದ ಫ ಇರಬೇಕಾದ ಕಡೆ ಒಂದು ಚೌಕ ಬಂದಿತ್ತು.